ಹಿಂಗಾರಲ್ಲಿ ಗುಲಾಬಿ ಸವರಲು ಆತುರ ಬೇಡ

ಮೈಸೂರು ದಸರಾದಲ್ಲಿ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನ ನೋಡಿ ಬಂದವರಿಗೆಲ್ಲ ಮನೆಯ ಗುಲಾಬಿ ಸವರುವ ಆತುರ. ಸ್ವಲ್ಪ ತಡೀರಿ. ಅಜ್ಜೀಪುರ, ಹನೂರು ಕಡೆ ಅಕ್ಟೋಬರಿನಲ್ಲಿ ಹಿಂಗಾರು ಜೋರು. ಮಳೆಯಲ್ಲಿ ಸವರಿದರೆ ಗಾಯದೊಳಗೆ ಶಿಲೀಂಧ್ರ ಇಳಿದು ಕೊಂಬೆ ತುದಿಯಿಂದ ಕಪ್ಪಾಗಿ ಒಣಗುತ್ತೆ. ಹಾಗೇ ಬಿಟ್ಟರೆ ಗಿಡವೇ ಹೋಯ್ತು.

ಸವರಿದ 45-50 ದಿನಕ್ಕೆ ಹೂವು. ಮಾರ್ಟಳ್ಳಿ ಕಡೆಯ ಕ್ರಿಸ್‌ಮಸ್‌ಗೆ ಮಾರಬೇಕೆಂದರೆ ನವೆಂಬರ್ ಮೊದಲ ವಾರ, ಎರಡು ದಿನ ಬಿಸಿಲು ಕಾದ ಮೇಲೆ ಕತ್ತರಿ ಹಿಡಿಯಿರಿ. ಹೊರಮುಖದ ಕಣ್ಣಿನ ಮೇಲೆ ಕಾಲು ಇಂಚು ಬಿಟ್ಟು ಓರೆಯಾಗಿ ಕತ್ತರಿಸಿ, ಅಂದೇ ಬೋರ್ಡೋ ಪೇಸ್ಟ್ ಹಚ್ಚಿ. ಕಪ್ಪಾದ ಕಡ್ಡಿಯನ್ನು ಒಳಗಿನ ಬೆಂಡು ಬೆಳ್ಳಗೆ ಕಾಣುವವರೆಗೂ ತೆಗೀಬೇಕು, ಹೊಟ್ಟೆ ಉರಿದರೂ ಸರಿ. ಕಸಿ ಗಂಟಿನ ಕೆಳಗಿನ ಚಿಗುರನ್ನು ಬುಡಸಮೇತ ಕೀಳಿ. ಸವರಿದ ಎಲೆ, ಕಡ್ಡಿಗಳನ್ನು ತಿಪ್ಪೆಗೆ ಹಾಕಬೇಡಿ. ಅದರಲ್ಲಿ ಕಪ್ಪು ಚುಕ್ಕೆ ರೋಗ ಉಳಿದಿರುತ್ತೆ, ಸುಟ್ಟುಬಿಡಿ.