ಪ್ಯಾನ್‌ಕೇಕ್ ಮಂಗಳವಾರಕ್ಕೆ ಸೋಡಾ ಬೇಡ, ಮೊಟ್ಟೆ ಬಿಡಬೇಡಿ

ಫೆಬ್ರುವರಿ ಬಂತೆಂದರೆ ಇಂಗ್ಲೆಂಡಿನ ‘ಪ್ಯಾನ್‌ಕೇಕ್ ಮಂಗಳವಾರ’ದ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡತೊಡಗುತ್ತವೆ. ನಾವೂ ಒಮ್ಮೆ ಮಾಡಿ ನೋಡೋಣವೆಂದು ಹೊರಟವರು ಅಂಗಡಿಯಿಂದ ಪ್ಯಾನ್‌ಕೇಕ್ ಮಿಕ್ಸ್ ತರುತ್ತಾರೆ, ಇಲ್ಲವೇ ಮೈದಾಕ್ಕೆ ಬೇಕಿಂಗ್ ಪೌಡರ್ ಬೆರೆಸಿ ಬೆರಳು ದಪ್ಪಕ್ಕೆ ಉಬ್ಬಿಸಿ, ಒಂದರ ಮೇಲೊಂದು ಪೇರಿಸಿ ಜೇನು ಸುರಿಯುತ್ತಾರೆ. ತಿನ್ನಲು ಅದೂ ಚೆನ್ನಾಗಿಯೇ ಇರುತ್ತದೆ. ಆದರೆ ಅದು ಅಮೆರಿಕದವರ ಬೆಳಗಿನ ತಿಂಡಿ. ಉಪವಾಸದ ಹಿಂದಿನ ದಿನ ಇಂಗ್ಲಿಷರು ತಿನ್ನುತ್ತ ಬಂದದ್ದು ತೆಳ್ಳಗಿನ, ಮಡಚಲು ಬರುವ, ಮೊಟ್ಟೆಯ ಬಲದಿಂದಲೇ ನಿಲ್ಲುವ ಇನ್ನೊಂದು ತಿನಿಸು. ಅದು ಯಾಕೆ ಹಾಗಿದೆ ಎಂಬುದು ತಿಳಿದರೆ ಮಾಡುವ ಕ್ರಮ ತಾನಾಗಿ ಹೊಳೆಯುತ್ತದೆ.

ಹಿನ್ನೆಲೆ ಇಷ್ಟೇ. ಈಸ್ಟರ್ ಹಬ್ಬಕ್ಕೆ ಮುಂಚಿನ 40 ದಿನ ಕ್ರೈಸ್ತರಿಗೆ ತಪಸ್ಸುಕಾಲ. ನಡುವಿನ ಭಾನುವಾರಗಳು ಈ ಲೆಕ್ಕಕ್ಕೆ ಸೇರುವುದಿಲ್ಲವಾದ್ದರಿಂದ ಅದು ಈಸ್ಟರಿಗೆ 46 ದಿನ ಮೊದಲು, ಬೂದಿ ಬುಧವಾರದಂದು, ಶುರುವಾಗುತ್ತದೆ. ಮಧ್ಯಯುಗದ ಪಶ್ಚಿಮ ಯುರೋಪಿನಲ್ಲಿ ಈ ದಿನಗಳಲ್ಲಿ ಮಾಂಸ ಮಾತ್ರವಲ್ಲ, ಮೊಟ್ಟೆ, ಹಾಲು, ಬೆಣ್ಣೆಯೂ ನಿಷಿದ್ಧವಾಗಿದ್ದವು. ಹಾಗಾಗಿ ಹಿಂದಿನ ಮಂಗಳವಾರ ಚರ್ಚಿನಲ್ಲಿ ಪಾಪನಿವೇದನೆ, ಮನೆಯಲ್ಲಿ ಉಗ್ರಾಣ ಬರಿದು ಮಾಡುವ ಕೆಲಸ. ಬಕಿಂಗ್‌ಹ್ಯಾಮ್‌ಶೈರಿನ ಓಲ್ನಿ ಊರಿನಲ್ಲಿ 1445ರಲ್ಲಿ ಗೃಹಿಣಿಯೊಬ್ಬಳು ಚರ್ಚಿನ ಗಂಟೆ ಕೇಳಿ ಒಲೆಯ ಮೇಲಿದ್ದ ಬಾಣಲೆ ಹಿಡಿದೇ ಓಡಿದಳೆಂಬ ಪ್ರತೀತಿ ಇದೆ. ಅದರ ನೆನಪಿಗೆ ಅಲ್ಲಿನ ಹೆಂಗಸರು ಈಗಲೂ ಏಪ್ರನ್ ಕಟ್ಟಿ, ತಲೆಗೆ ವಸ್ತ್ರ ಸುತ್ತಿ, ಬಾಣಲೆ ಹಿಡಿದು 415 ಗಜ ಓಡುತ್ತಾರೆ. 1950ರಿಂದ ಅಮೆರಿಕದ ಕಾನ್ಸಾಸ್‌ನ ಲಿಬರಲ್ ಊರಿನವರು ಅದೇ ದಿನ ಓಡಿ ಇವರೊಂದಿಗೆ ಸಮಯದ ಪೈಪೋಟಿಗೆ ಇಳಿಯುತ್ತಾರೆ.

ಈಗ ಸೋಡಾ ವಿಷಯ. ಸೋಡಾ ಬೆರೆತ ಬೇಕಿಂಗ್ ಪೌಡರನ್ನು ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಸಿದ್ಧಪಡಿಸಿದ್ದು 1843ರಲ್ಲಿ, ಅದೂ ಯೀಸ್ಟ್ ಇಲ್ಲದೆ ಬ್ರೆಡ್ ಉಬ್ಬಿಸಲಿಕ್ಕೆ. ಪ್ಯಾನ್‌ಕೇಕ್ ಅದಕ್ಕಿಂತ ಶತಮಾನಗಳಷ್ಟು ಹಳೆಯದು. ಗರ್ವೇಸ್ ಮಾರ್ಕಮ್ 1615ರಲ್ಲಿ ಇಂಗ್ಲಿಷ್ ಗೃಹಿಣಿಯರಿಗಾಗಿ ಪ್ರಕಟಿಸಿದ ಪುಸ್ತಕದಲ್ಲಿ ಪ್ಯಾನ್‌ಕೇಕಿನ ವಿಧಾನವಿದೆ: ಮೊಟ್ಟೆ, ನೀರು, ಲವಂಗ, ಜಾಪತ್ರೆ, ಚಕ್ಕೆ, ಜಾಯಿಕಾಯಿ, ಉಪ್ಪು, ಹಿಟ್ಟು. ಉಬ್ಬಿಸುವ ವಸ್ತು ಒಂದೂ ಇಲ್ಲ. ಮಾರ್ಕಮ್ ಹಾಲಿನ ಬದಲು ನೀರು ಹಾಕಿಸುತ್ತಾನಲ್ಲ, ಹಾಗಾದರೆ ಉಗ್ರಾಣ ಬರಿದು ಮಾಡುವ ಕಥೆ ಸುಳ್ಳೇ ಎಂದು ಯಾರಾದರೂ ಕೇಳಬಹುದು. ಹಾಲು, ಕೆನೆ ಹಾಕುವವರೂ ಇದ್ದಾರೆ, ಆದರೆ ಹಾಗೆ ಮಾಡಿದರೆ ಗರಿಗರಿ ಬರುವುದಿಲ್ಲ ಎಂಬುದು ಅವನ ತಕರಾರು. ಹಾಲು ಹಾಕುವ ರೂಢಿ ಆಗಲೇ ಇತ್ತೆಂಬುದಕ್ಕೆ ಆ ತಕರಾರೇ ಸಾಕ್ಷಿ. ಮೇಲಾಗಿ ಎಂಟನೇ ಹೆನ್ರಿ 1538ರಲ್ಲೇ ತಪಸ್ಸುಕಾಲದಲ್ಲಿ ಹಾಲು, ಮೊಟ್ಟೆಗಳಿಗೆ ಅನುಮತಿ ಕೊಟ್ಟಿದ್ದರಿಂದ ಮಾರ್ಕಮ್ ಕಾಲಕ್ಕೆ ಹಾಲು ಖಾಲಿ ಮಾಡುವ ಒತ್ತಾಯವೂ ಇರಲಿಲ್ಲ. ಮೊಟ್ಟೆಯನ್ನು ಮಾತ್ರ ಅವನೂ ಬಿಟ್ಟಿಲ್ಲ, ಅದನ್ನು ಗಮನಿಸಿ.

ಹಳೆಯ ಪುಸ್ತಕ ಬದಿಗಿರಲಿ, ಬಾಣಲೆಯಲ್ಲೂ ಸೋಡಾ ಕೆಡುಕನ್ನೇ ಮಾಡುತ್ತದೆ. ತೆಳುವಾಗಿ ಹರಡಿದ ಹಿಟ್ಟನ್ನು ಹರಿಯದಂತೆ ಹಿಡಿದಿಡುವುದು ಬಿಸಿಗೆ ಗಟ್ಟಿಯಾಗುವ ಮೊಟ್ಟೆ. ಸೋಡಾದ ಗುಳ್ಳೆಗಳು ಆ ತೆಳು ಪದರವನ್ನು ತೂತು ಮಾಡುತ್ತವೆ. ಮಗುಚುವಾಗ ಅದು ಅಲ್ಲಲ್ಲೇ ಹರಿಯುತ್ತದೆ, ಮಡಚಿದರೆ ಗೆರೆಗುಂಟ ಬಿರಿಯುತ್ತದೆ. ಸೋಡಾ ಕ್ಷಾರವಾದ್ದರಿಂದ ಒಳಗೆ ಬೇಯುವ ಮೊದಲೇ ತಳ ಕಂದಾಗುತ್ತದೆ, ಒಂದು ಚಿಟಿಕೆ ಹೆಚ್ಚಾದರೂ ಬಾಯಲ್ಲಿ ಸಾಬೂನಿನ ಒಗರು ಉಳಿಯುತ್ತದೆ. ನಮ್ಮ ಅಡುಗೆಮನೆಗಳಲ್ಲಿ ಮೆತ್ತಗಾಗಲೆಂದು ಕಾಲು ಚಮಚ ಸೋಡಾ ಹಾಕುವುದು ಕೈಗೆ ಬಂದ ಅಭ್ಯಾಸ. ಇಲ್ಲಿ ಆ ಕೈಯನ್ನು ತಡೆಯಲೇಬೇಕು. ರಷ್ಯಾದ ಪ್ಯಾನ್‌ಕೇಕ್ ಆದ ಬ್ಲಿನಿ ಉಬ್ಬಿರುತ್ತದಲ್ಲ ಎಂದರೆ, ಅದು ಯೀಸ್ಟಿನಿಂದ ಹುಳಿ ಬಂದ ಹಿಟ್ಟು, ಬೇರೆಯೇ ಜಾತಿ; ಅಲ್ಲಿಯೂ ಸೋಡಾ ಹಳೆಯ ಪದ್ಧತಿಯಲ್ಲ. ಮೊಟ್ಟೆ ತಿನ್ನದವರು ಏನು ಮಾಡಬೇಕು ಎಂಬುದು ನ್ಯಾಯವಾದ ಪ್ರಶ್ನೆ. ಮೊಟ್ಟೆ, ಹಾಲು ಎರಡೂ ಇಲ್ಲದ ಬ್ಲಿನಿ ರಷ್ಯಾದಲ್ಲಿ ಇದೆ, ಆದರೆ ಅದು ಉಪವಾಸದ ದಿನಗಳ ಆಹಾರ. ಅದನ್ನು ಧಾರಾಳವಾಗಿ ಮಾಡಿಕೊಳ್ಳಿ. ಉಪವಾಸದ ಹಿಂದಿನ ದಿನದ ತಿನಿಸೆಂದು ಮಾತ್ರ ಬಡಿಸಬೇಡಿ, ಏಕೆಂದರೆ ಮೊಟ್ಟೆ ಮುಗಿಸುವುದೇ ಆ ದಿನದ ಉದ್ದೇಶವಾಗಿತ್ತು.

ಅಳತೆ ಸುಲಭ. 100 ಗ್ರಾಂ ಮೈದಾ, 2 ಮೊಟ್ಟೆ, 300 ಮಿಲಿಲೀಟರ್ ಹಾಲು, ಒಂದು ಚಿಟಿಕೆ ಉಪ್ಪು, ಒಂದು ದೊಡ್ಡ ಚಮಚ ಕರಗಿಸಿದ ಬೆಣ್ಣೆ. ಮೈದಾ, ಉಪ್ಪು ಜರಡಿ ಹಿಡಿದು ನಡುವೆ ಗುಳಿ ಮಾಡಿ ಮೊಟ್ಟೆ ಒಡೆದು ಹಾಕಿ. ಹಾಲನ್ನು ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ. ಮೊದಲು ಕಾಲುಭಾಗ ಹಾಲು ಹಾಕಿ, ಗುಳಿಯ ಅಂಚಿನ ಹಿಟ್ಟನ್ನು ಒಳಗೆಳೆದುಕೊಳ್ಳುತ್ತ ಗಟ್ಟಿಯಾಗಿಯೇ ನುಣ್ಣಗೆ ಕಲಸಿ, ಆಮೇಲೆ ಉಳಿದ ಹಾಲು, ಕೊನೆಗೆ ಬೆಣ್ಣೆ. ಹಿಟ್ಟು ನೀರ್‌ದೋಸೆಯ ಹಿಟ್ಟಿಗಿಂತ ಒಂಚೂರು ಮಂದವಾಗಿದ್ದರೆ ಸರಿ. ಗಂಟು ಹೋದಮೇಲೆ ಕಲಸುವುದನ್ನು ನಿಲ್ಲಿಸಿ, ಮಿಕ್ಸಿಗೆ ಹಾಕಿ ತಿರುಗಿಸುತ್ತಲೇ ಇರಬೇಡಿ. ಹೆಚ್ಚು ಕಲಸಿದಷ್ಟೂ ಮೈದಾದ ಅಂಟು ಬಿಗಿದು ಪ್ಯಾನ್‌ಕೇಕ್ ರಬ್ಬರಿನಂತೆ ಎಳೆಯುತ್ತದೆ. ಅರ್ಧ ಗಂಟೆ ಮುಚ್ಚಿಟ್ಟರೆ ಆ ಬಿಗಿ ಸಡಿಲಾಗುತ್ತದೆ.

ಹುಯ್ಯುವಾಗ ನಮ್ಮ ದೋಸೆಯ ಅಭ್ಯಾಸವೇ ಅಡ್ಡ ಬರುತ್ತದೆ. ಕಬ್ಬಿಣದ ಕಾವಲಿ ಎತ್ತಿ ಆಡಿಸಲು ಭಾರ, ಸೌಟಿನ ಬೆನ್ನಿನಿಂದ ಸುತ್ತಿದರೆ ಈ ಹಿಟ್ಟು ಸೌಟಿಗೇ ಅಂಟಿ ಎದ್ದು ಬರುತ್ತದೆ. ಹಿಡಿಯಿರುವ, ಸುಮಾರು 20 ಸೆಂಟಿಮೀಟರ್ ಅಗಲದ ಹಗುರ ಬಾಣಲೆ ಬೇಕು. ಮಧ್ಯಮ ಉರಿಯಲ್ಲಿ ಬೆಣ್ಣೆ ಕರಗಿ ನೊರೆಯೆದ್ದು, ನೊರೆ ಅಡಗಿದೊಡನೆ ಹೆಚ್ಚಿನದನ್ನು ಒರೆಸಿ ತೆಗೆಯಿರಿ. ಬಾಣಲೆಯನ್ನು ಉರಿಯಿಂದ ಎತ್ತಿ ಹಿಡಿದು ಮೂರು ದೊಡ್ಡ ಚಮಚದಷ್ಟು ಹಿಟ್ಟು ಹಾಕಿ, ಮಣಿಕಟ್ಟು ತಿರುಗಿಸಿ ಅದನ್ನು ತಾನಾಗಿ ಅಂಚಿನವರೆಗೆ ಓಡಲು ಬಿಡಿ. ಅಂಚು ಕಂದು ದಾರದಂತೆ ಒಣಗಿ ಮೇಲೇಳುವುದನ್ನೂ, ನಡುವಿನ ಹಸಿ ಹೊಳಪು ಮಾಸುವುದನ್ನೂ ಕಾದು ಮಗುಚಿ. ಎರಡನೇ ಬದಿಗೆ ಅರೆ ನಿಮಿಷ ಸಾಕು. ಗಾಳಿಯಲ್ಲಿ ಚಿಮ್ಮಿಸಿ ಮಗುಚುವ ಆಟ ಇದ್ದೇ ಇದೆ, ಆದರೆ ಪಕ್ಕದಲ್ಲಿ ಮಕ್ಕಳಿದ್ದರೆ ಬೇಡ: ಬಿಸಿ ಬೆಣ್ಣೆ ಸಿಡಿದರೆ ಸುಡುತ್ತದೆ. ಮೊದಲನೆಯದು ಸರಿ ಬಾರದಿದ್ದರೆ ಹಿಟ್ಟಿಗೆ ಏನನ್ನೂ ಸೇರಿಸಹೋಗಬೇಡಿ, ಬಾಣಲೆ ಸಾಕಷ್ಟು ಕಾದಿರಲಿಲ್ಲ ಅಷ್ಟೇ.

ಇಂಗ್ಲೆಂಡಿನಲ್ಲಿ ಇದರ ಮೇಲೆ ಸಕ್ಕರೆ ಉದುರಿಸಿ, ನಿಂಬೆ ಹಿಂಡಿ, ಬಿಸಿಯಿರುವಾಗಲೇ ಸುರುಳಿ ಸುತ್ತಿ ತಿನ್ನುತ್ತಾರೆ. ಬೆಂಗಳೂರು, ಕೆಜಿಎಫ್‌ಗಳ ಆಂಗ್ಲೋ-ಇಂಡಿಯನ್ ಮನೆಗಳಲ್ಲಿ ಒಳಗೆ ಕಾಯಿತುರಿ, ಸಕ್ಕರೆಯ ಹೂರಣವಿಡುವುದುಂಟು. ಉಪವಾಸಕ್ಕೆ ಮುಂಚೆ ಬರುವ ರಷ್ಯಾದ ಮಾಸ್ಲೆನಿತ್ಸಾ ಒಂದು ದಿನದ್ದಲ್ಲ, ಇಡೀ ವಾರದ ಹಬ್ಬ. ಮಾಂಸವನ್ನು ಅದಕ್ಕೆ ಮೊದಲೇ ಬಿಟ್ಟಿರುತ್ತಾರೆ, ಬೆಣ್ಣೆ, ಹಾಲು, ಮೊಟ್ಟೆ ನಡೆಯುತ್ತದೆ. ಬ್ಲಿನಿಯ ದುಂಡು ಆಕಾರ ಸೂರ್ಯನ ಗುರುತೆಂಬ ವಿವರಣೆಯನ್ನು ಪೂರ್ತಿ ನಂಬಬೇಡಿ, ಅಲ್ಲಿನವರು ತಿಥಿಯೂಟಕ್ಕೂ ಅದನ್ನೇ ಬಡಿಸುತ್ತಾರೆ. ಫ್ರಾನ್ಸಿನವರು ಕ್ರೇಪ್ ತಿನ್ನುವ ಫೆಬ್ರುವರಿ 2 ಬೇರೆ ಹಬ್ಬ, ಅದರ ತಾರೀಖು ಬದಲಾಗುವುದಿಲ್ಲ. ಪ್ಯಾನ್‌ಕೇಕ್ ಮಂಗಳವಾರ ಮಾತ್ರ ಈಸ್ಟರಿನ ಜೊತೆ ಸರಿಯುತ್ತದೆ, ಈಸ್ಟರಿನಿಂದ 47 ದಿನ ಹಿಂದಕ್ಕೆ ಎಣಿಸಿ. 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೆ, ಆದ್ದರಿಂದ ಪ್ಯಾನ್‌ಕೇಕ್ ಫೆಬ್ರುವರಿ 9ಕ್ಕೆ; ರಷ್ಯಾದ ಚರ್ಚಿನ ಪಂಚಾಂಗ ಬೇರೆಯಾದ್ದರಿಂದ ಮಾಸ್ಲೆನಿತ್ಸಾ ಮಾರ್ಚ್ 8ರಿಂದ 14ರವರೆಗೆ.