ಒಂದೇ ಷೇರು, ಎರಡು ಪಿಇ

2022ರ ಕೊನೆಯಲ್ಲಿ ಎಕ್ಸಾನ್‌ಮೊಬಿಲ್ ಷೇರಿನ ಬೆಲೆ 110 ಡಾಲರ್ ಆಸುಪಾಸಿನಲ್ಲಿತ್ತು. ಆ ವರ್ಷ ಕಂಪನಿ ಷೇರೊಂದಕ್ಕೆ ಗಳಿಸಿದ ಲಾಭ 13.26 ಡಾಲರ್. ಬೆಲೆಯನ್ನು ಲಾಭದಿಂದ ಭಾಗಿಸಿದರೆ ಎಂಟು ಚಿಲ್ಲರೆ; ಪಿಇ ಅನ್ನುವುದು ಇದನ್ನೇ. ಆ ಚಳಿಗಾಲ ಟೆಕ್ಸಾಸ್‌ನ ನಮ್ಮ ಪ್ಲೇನೋದಲ್ಲಿ ಯಾವ ಕನ್ನಡದವರ ಮನೆಗೆ ಊಟಕ್ಕೆ ಹೋದರೂ ಈ ಎಂಟರದ್ದೇ ಮಾತು. ಟೆಕ್ ಷೇರುಗಳು ನೆಲಕಚ್ಚಿದ್ದವು, ಸಂಬಳದ ಜೊತೆ ಕಂಪನಿ ಕೊಡುವ ಷೇರು, ಅಂದರೆ ಆರ್‌ಎಸ್‌ಯು, ನೆಚ್ಚಿಕೊಂಡು ದೊಡ್ಡ ಮನೆ ಕೊಂಡವರ ಮುಖ ಸಪ್ಪಗಾಗಿತ್ತು. ಎಣ್ಣೆ ಕಂಪನಿಗಳು ಮಾತ್ರ ಹಬ್ಬ ಮಾಡುತ್ತಿದ್ದವು.

"ಅತ್ತಿಗೆ, ನೀವು ಅಕೌಂಟ್ಸ್‌ನೋರು, ನೀವೇ ಹೇಳಿ," ಅಂದ ನಮ್ಮವರ ಸ್ನೇಹಿತನೊಬ್ಬ, ತಟ್ಟೆಗೆ ಇನ್ನೊಂದು ಸೌಟು ಬಿಸಿಬೇಳೆಬಾತ್ ಹಾಕಿಸಿಕೊಳ್ಳುತ್ತಾ. "ಮಾರ್ಕೆಟ್ಟೆಲ್ಲ ಹದಿನೆಂಟು ಇಪ್ಪತ್ತರಲ್ಲಿ ಓಡ್ತಿರುವಾಗ ಇದು ಎಂಟಕ್ಕೆ ಸಿಗ್ತಿದೆ. ಅಗ್ಗ ತಾನೇ?"

"ನನ್ನ ಲೆಕ್ಕದಲ್ಲಿ ಅದು ಇಪ್ಪತ್ತು ದಾಟಿದೆ ಕಣಪ್ಪಾ," ಅಂದೆ. ಅವನಿಗೆ ನಾನು ತಮಾಷೆ ಮಾಡುತ್ತಿದ್ದೇನೆ ಅನ್ನಿಸಿರಬೇಕು.

ಆ ಎಂಟೂ ನಿಜ, ಈ ಇಪ್ಪತ್ತೂ ನಿಜ. ಎಂಟು ಎನ್ನುವುದು ಆ ಒಂದು ವರ್ಷದ ಲಾಭದ ಮೇಲೆ ಹಾಕಿದ್ದು. ಆ ವರ್ಷ ರಷ್ಯಾ ಉಕ್ರೇನಿನ ಮೇಲೆ ನುಗ್ಗಿತ್ತು. ಜೂನ್‌ನಲ್ಲಿ ಅಮೆರಿಕದ ಪೆಟ್ರೋಲ್ ಸರಾಸರಿ ಬೆಲೆ ಗ್ಯಾಲನ್‌ಗೆ 5 ಡಾಲರ್ ಮುಟ್ಟಿತ್ತು. ಅಂಥ ವರ್ಷದ ಲಾಭ ಪ್ರತಿ ವರ್ಷವೂ ಬರುತ್ತದೆ ಅಂದುಕೊಂಡರೆ ಮಾತ್ರ ಎಂಟು ಅಗ್ಗ. ತೀರ್ಥಹಳ್ಳಿ ಕಡೆಯ ನನ್ನ ಸೋದರಮಾವ ಅಡಿಕೆ ತೋಟದ ವ್ಯಾಪಾರಕ್ಕೆ ಕೂತರೆ ಹೋದ ವರ್ಷದ ಫಸಲಿನ ಮಾತಿಗೆ ಕಿವಿಯೇ ಕೊಡುತ್ತಿರಲಿಲ್ಲ. ಕೊಳೆ ರೋಗ ಹೊಡೆದ ವರ್ಷ ಎಷ್ಟು ಕ್ವಿಂಟಲ್ ಆಯಿತು, ರೇಟು ಬಿದ್ದ ವರ್ಷ ಕೈಗೆ ಎಷ್ಟು ಉಳಿಯಿತು, ಮೊದಲು ಅದನ್ನು ಕೇಳುತ್ತಿದ್ದರು. ಷೇರಿಗೂ ಅದನ್ನೇ ಕೇಳಬೇಕೆಂದು ಹೂಡಿಕೆ ಪಂಡಿತರಾದ ಬೆಂಜಮಿನ್ ಗ್ರಹಾಂ ಮತ್ತು ಡೇವಿಡ್ ಡಾಡ್ 1934ರಲ್ಲೇ ಬರೆದರು: ಐದು ವರ್ಷಕ್ಕೆ ಕಡಿಮೆಯಿಲ್ಲದಂತೆ, ಸಾಧ್ಯವಾದರೆ ಏಳೋ ಹತ್ತೋ ವರ್ಷದ ಲಾಭದ ಸರಾಸರಿ ನೋಡಿ ಎಂದು. ಆ ವರ್ಷಗಳ ಲಾಭವನ್ನು ಇಂದಿನ ಡಾಲರಿಗೆ ತಂದುಕೊಳ್ಳಬೇಕು ಎಂಬುದನ್ನು 1988ರಲ್ಲಿ ಸೇರಿಸಿದವರು ಅರ್ಥಶಾಸ್ತ್ರಜ್ಞರಾದ ಜಾನ್ ಕ್ಯಾಂಪ್‌ಬೆಲ್ ಮತ್ತು ರಾಬರ್ಟ್ ಶಿಲ್ಲರ್. ಇಡೀ ಮಾರುಕಟ್ಟೆಗೆ ಅವರು ಹಾಕಿದ ಈ ಲೆಕ್ಕಕ್ಕೆ ಈಗ ಕೇಪ್ ಎಂದು ಹೆಸರು. ಶಿಲ್ಲರ್‌ಗೆ 2013ರಲ್ಲಿ ನೊಬೆಲ್ ಬಂತು.

ಒಂದು ಕಂಪನಿಗೆ ಈ ಲೆಕ್ಕ ಕೂತು ಮಾಡಿದರೆ ಒಂದು ಸಂಜೆಯ ಕೆಲಸ. ಅಮೆರಿಕದ ಕಂಪನಿಗಳ ವಾರ್ಷಿಕ ವರದಿಗೆ ಟೆನ್-ಕೆ ಅನ್ನುತ್ತಾರೆ. ಅದರಲ್ಲಿ ಲಾಭ-ನಷ್ಟದ ಪಟ್ಟಿಯ ಕೆಳತುದಿಯಲ್ಲಿ ಷೇರೊಂದಕ್ಕೆ ಬಂದ ಲಾಭ ಎಂಬ ಸಾಲಿರುತ್ತದೆ. ಡೈಲ್ಯೂಟೆಡ್ ಎಂದು ಬರೆದಿರುವ ಅಂಕಿಯನ್ನು ತೆಗೆದುಕೊಳ್ಳಿ. ಮೊದಲೆಲ್ಲ ವರದಿಯಲ್ಲೇ ಐದು ವರ್ಷದ ಪುಟ್ಟ ಪಟ್ಟಿಯೊಂದು ಇರುತ್ತಿತ್ತು. 2021ರಿಂದ ಅದು ಕಡ್ಡಾಯವಿಲ್ಲ. ಹಾಗಾಗಿ ಈಗ ಒಂದೊಂದು ವರದಿಯಲ್ಲಿ ಮೂರೇ ವರ್ಷ ಸಿಗುತ್ತದೆ, ಹತ್ತು ವರ್ಷಕ್ಕೆ ನಾಲ್ಕು ವರದಿ ತೆರೆಯಬೇಕು. ನಡುವೆ ಷೇರು ಒಂದಕ್ಕೆರಡಾಗಿ ಒಡೆದಿದ್ದರೆ ಹಳೆಯ ಅಂಕಿಗಳನ್ನೂ ಅದೇ ಪ್ರಮಾಣದಲ್ಲಿ ಒಡೆದುಕೊಳ್ಳಬೇಕು. ಪಕ್ಕದ ಕಾಲಮ್ಮಿನಲ್ಲಿ ಸರ್ಕಾರದ ಗ್ರಾಹಕ ಬೆಲೆ ಸೂಚ್ಯಂಕ. 2012ರಲ್ಲಿ ಅದು 229.6, 2022ರಲ್ಲಿ 292.7.

ಈ ಎರಡನೇ ಕಾಲಮ್ಮು ಏನು ಮಾಡುತ್ತದೆ ನೋಡಿ. 2022ರಲ್ಲಿ ಪತ್ರಿಕೆಗಳೆಲ್ಲ ಎಕ್ಸಾನ್‌ನ ಲಾಭ ದಾಖಲೆ ಮುರಿಯಿತು ಎಂದು ಬರೆದವು. 2012ರಲ್ಲಿ ಅದೇ ಕಂಪನಿ ಷೇರಿಗೆ 9.70 ಗಳಿಸಿತ್ತು. ಅದನ್ನು ಸೂಚ್ಯಂಕ ಏರಿದ ಪ್ರಮಾಣದಲ್ಲೇ ಏರಿಸಿ 2022ರ ಡಾಲರಿಗೆ ತಂದರೆ 12.36. ಹತ್ತು ವರ್ಷ ಕಳೆದು, ಯುದ್ಧವೂ ನಡೆದು, ದಾಖಲೆ ಮುರಿದದ್ದು 90 ಸೆಂಟಿನಿಂದ.

2013ರಿಂದ 2022ರವರೆಗಿನ ಹತ್ತು ಸಾಲನ್ನು ಹೀಗೆ ತಂದುಕೊಂಡು ಸರಾಸರಿ ತೆಗೆದರೆ 5.39 ಡಾಲರ್. 110ನ್ನು ಅದರಿಂದ ಭಾಗಿಸಿದರೆ ಇಪ್ಪತ್ತು ದಾಟುತ್ತದೆ. ಹಣದುಬ್ಬರ ಸರಿಮಾಡದೆ ಬರೀ ಸರಾಸರಿ ತೆಗೆದಿದ್ದರೆ 4.70 ಬಂದು ಪಿಇ 23 ದಾಟುತ್ತಿತ್ತು, ಅಂದರೆ ಕಂಪನಿಗೆ ಅನ್ಯಾಯವಾಗುತ್ತಿತ್ತು.

ಈ ಹತ್ತರಲ್ಲಿ ಒಂದು ಸಾಲಿನ ಬಗ್ಗೆ ನಮ್ಮ ಮನೆಯಲ್ಲೇ ಜಗಳವಾಗಿದೆ. 2020ರಲ್ಲಿ ಎಕ್ಸಾನ್ ಷೇರಿಗೆ 5.25 ಡಾಲರ್ ನಷ್ಟ ಮಾಡಿತು. ಅದರಲ್ಲಿ ಬಹುಪಾಲು, ಸುಮಾರು 1900 ಕೋಟಿ ಡಾಲರ್, ಅನಿಲದ ಆಸ್ತಿಗಳ ಬೆಲೆ ಇಷ್ಟಿಲ್ಲ ಎಂದು ಪುಸ್ತಕದಲ್ಲಿ ಹೊಡೆದು ಹಾಕಿದ್ದು. "ಅದು ಒಂದ್ಸಲದ್ದು, ಕೈಯಿಂದ ದುಡ್ಡು ಹೋಗಿಲ್ಲ, ಬಿಡು ಅದನ್ನ," ಅನ್ನುತ್ತಾರೆ ನಮ್ಮವರು. ವಾಲ್‌ಸ್ಟ್ರೀಟಿನ ಪಂಡಿತರೂ ಬಿಡುತ್ತಾರೆ. ನಾನು ಬಿಡುವುದಿಲ್ಲ. ಆ ಆಸ್ತಿಯಲ್ಲಿ ಬಹಳಷ್ಟು ಬಂದದ್ದು ಇಲ್ಲಿಂದ ಒಂದು ಗಂಟೆ ದೂರದ ಫೋರ್ಟ್‌ವರ್ತ್‌ನ ಎಕ್ಸ್‌ಟಿಒ ಕಂಪನಿಯಿಂದ. 2010ರಲ್ಲಿ ಎಕ್ಸಾನ್ ಅದನ್ನು ಕೊಂಡಾಗ ಸಾಲವೂ ಸೇರಿ ಬಿದ್ದ ಬೆಲೆ ಸುಮಾರು 4100 ಕೋಟಿ ಡಾಲರ್. ಆಮೇಲೆ ಹತ್ತು ವರ್ಷ ಅನಿಲದ ಬೆಲೆ ಮೇಲೇಳಲೇ ಇಲ್ಲ. ಬೆಲೆ ತೆತ್ತದ್ದು 2010ರಲ್ಲಿ, ಒಪ್ಪಿಕೊಂಡದ್ದು 2020ರಲ್ಲಿ. ನಡುವಿನ ಅಷ್ಟೂ ವರ್ಷ ತೋರಿಸಿದ ಲಾಭ ಅಷ್ಟರಮಟ್ಟಿಗೆ ಉಬ್ಬಿದ್ದೇ. ಹತ್ತು ವರ್ಷದ ಸರಾಸರಿಗೆ ಇಂಥದ್ದು ಸೇರದಿದ್ದರೆ ಇನ್ನೇನು ಸೇರಬೇಕು? ಮನೆಯ ಶಾಂತಿಗಾಗಿ ಆ ವರ್ಷಕ್ಕೆ ಸೊನ್ನೆ ಹಾಕಿಯೂ ನೋಡಿದೆ. ಆಗಲೂ ಪಿಇ 18ರ ಮೇಲೇ ನಿಂತಿತು.

ಇದೇ ಲೆಕ್ಕ ಇನ್ನೊಂದು ದಿಕ್ಕಿಗೂ ತಿರುಗುತ್ತದೆ. 2020ರ ಏಪ್ರಿಲ್ 20ರಂದು ಕಚ್ಚಾತೈಲದ ವಾಯಿದೆ ಬೆಲೆ ಸೊನ್ನೆಗಿಂತ ಕೆಳಗಿಳಿದು ಮೈನಸ್ 37 ಡಾಲರಿಗೆ ಮುಗಿದದ್ದು ನೆನಪಿರಬಹುದು. ಆಗಸ್ಟ್ ಕೊನೆಗೆ ಎಕ್ಸಾನನ್ನು ಡೌ ಜೋನ್ಸ್ ಸೂಚ್ಯಂಕದಿಂದ ಹೊರಹಾಕಿದರು. 1928ರಿಂದ ಅಲ್ಲಿದ್ದ ಕಂಪನಿ. ಅಕ್ಟೋಬರ್ ಕೊನೆಯಲ್ಲಿ ಷೇರು 33 ಡಾಲರಿಗೂ ಕೆಳಗೆ. ಲಾಭವೇ ಇಲ್ಲದ ವರ್ಷಕ್ಕೆ ಪಿಇ ಎಲ್ಲಿಂದ ಬರಬೇಕು? ಆದರೆ 2010ರಿಂದ 2019ರ ಹತ್ತು ವರ್ಷವನ್ನು 2019ರ ಡಾಲರಿಗೆ ತಂದರೆ ಸರಾಸರಿ 6.33; ಪಿಇ ಐದು. ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿರುವ ತಮ್ಮನಿಗೆ ಫೋನ್ ಮಾಡಿ ಹೇಳಿದೆ. ಅವನ ಕೆಲಸವೂ ಎಣ್ಣೆ ಬಾವಿಗಳಿಗೆ ಸಂಬಂಧಪಟ್ಟದ್ದೇ. "ಅಕ್ಕಾ, ಸುಮ್ನಿರು. ಇಲ್ಲಿ ಶುಕ್ರವಾರ ಬಂತಂದ್ರೆ ಯಾರ ಬ್ಯಾಡ್ಜ್ ಹೋಯ್ತು ಅಂತ ನೋಡೋದೇ ಆಗಿದೆ, ನೀನು ಷೇರು ತಗೋತೀಯಾ?" ಅಂದ.

ಅವನ ಮಾತಿನಲ್ಲಿ ಲೆಕ್ಕಕ್ಕೆ ಸಿಗದ ಒಂದು ವಿಷಯವಿತ್ತು. ಎಣ್ಣೆ ಬಿದ್ದಾಗ ಟೆಕ್ಸಾಸ್‌ನಲ್ಲಿ ಷೇರು ಒಂದೇ ಬೀಳುವುದಿಲ್ಲ. ಕೆಲಸ, ಬೋನಸ್ಸು, ಮನೆ ಮಾರಾಟದ ಬೋರ್ಡು, ಎಲ್ಲಕ್ಕೂ ಅದರ ಬಿಸಿ ತಟ್ಟುತ್ತದೆ. ತಮ್ಮನಂಥವರಿಗೆ ಸಂಬಳವೇ ಎಣ್ಣೆಯ ಷೇರಿದ್ದ ಹಾಗೆ. ಅವನು ಕೊಳ್ಳದೇ ಇದ್ದದ್ದು ಸರಿ. ನಮ್ಮಿಬ್ಬರ ಸಂಬಳ ಎಣ್ಣೆಯದ್ದಲ್ಲವಾದ್ದರಿಂದ ನಾನು ಸ್ವಲ್ಪ ಕೊಂಡೆ. ಸ್ವಲ್ಪ ಎಂದರೆ ಮುಳುಗಿದರೂ ಮಗಳ ಕಾಲೇಜು ಫೀಜಿಗೆ ತೊಂದರೆಯಾಗದಷ್ಟು.

ಇಷ್ಟು ಕೇಳಿ ಹತ್ತು ವರ್ಷದ ಸರಾಸರಿ ಎಲ್ಲ ಕಂಪನಿಗೂ ನಡೆಯುತ್ತದೆ ಅಂದುಕೊಂಡರೆ ಪ್ಲೇನೋದಲ್ಲೇ ಉತ್ತರವಿದೆ. ನಮ್ಮೂರಿನ ಲೆಗಸಿ ಭಾಗದಲ್ಲಿ 1992ರಿಂದ ಜೆಸಿ ಪೆನ್ನಿಯ ಮುಖ್ಯ ಕಚೇರಿ ಇತ್ತು. ಊರಿಗೆ ಹೊರಡುವ ಮುಂಚೆ ಸ್ಟೋನ್‌ಬ್ರಯರ್ ಮಾಲ್‌ನ ಅವರ ಅಂಗಡಿಯಿಂದ ಟವೆಲ್ಲು, ಶರ್ಟು, ಮಾವನವರಿಗೆ ಸ್ವೆಟರು ಒಯ್ಯದ ಕನ್ನಡಿಗರು ಕಡಿಮೆ. 2006 ಮತ್ತು 2007ರಲ್ಲಿ ಈ ಕಂಪನಿ ವರ್ಷಕ್ಕೆ 110 ಕೋಟಿ ಡಾಲರ್‌ಗೂ ಹೆಚ್ಚು ನಿವ್ವಳ ಲಾಭ ಮಾಡಿತ್ತು. 2012ರಲ್ಲಿ 98 ಕೋಟಿ ನಷ್ಟ, ಮರುವರ್ಷ ಅದಕ್ಕಿಂತ ಹೆಚ್ಚು. ಆಗ ಹಳೆಯ ಒಳ್ಳೆಯ ವರ್ಷಗಳನ್ನು ಲೆಕ್ಕಕ್ಕೆ ಹಿಡಿದವರಿಗೆ ಷೇರು ಅಗ್ಗವಾಗಿಯೇ ಕಂಡಿತು, ಇನ್ನೂ ಬಿದ್ದಾಗ ಇನ್ನೂ ಅಗ್ಗವಾಗಿ ಕಂಡಿತು. 2020ರ ಮೇ 15ರಂದು ಕಂಪನಿ ದಿವಾಳಿ ಅರ್ಜಿ ಹಾಕಿತು. ಅಂಗಡಿಗಳು ಬೇರೆಯವರ ಕೈ ಸೇರಿ ಉಳಿದುಕೊಂಡವು, ಷೇರುದಾರರ ಕೈಗೆ ಏನೂ ಬರಲಿಲ್ಲ. ಎಣ್ಣೆಯ ಬೆಲೆ ಬಿದ್ದರೆ ಬಾವಿ ತೋಡುವುದು ನಿಲ್ಲುತ್ತದೆ, ಸರಬರಾಜು ಇಳಿಯುತ್ತದೆ, ಬೆಲೆ ಮತ್ತೆ ಏಳುತ್ತದೆ. ಆ ಚಕ್ರ ಇರುವುದರಿಂದಲೇ ಸರಾಸರಿಗೆ ಬೆಲೆ. ಬಟ್ಟೆಯಂಗಡಿ ಬಿಟ್ಟು ಆನ್‌ಲೈನಿಗೆ ಹೋದ ಗಿರಾಕಿಯನ್ನು ವಾಪಸು ಕರೆತರುವ ಚಕ್ರ ಯಾವುದೂ ಇಲ್ಲ.

ಹ್ಯೂಸ್ಟನ್‌ನ ಎನ್ರಾನ್ ಬಗ್ಗೆ ಹೇಳುವುದೇ ಬೇಡ. 1997ರಿಂದ ತೋರಿಸಿದ ಲಾಭವನ್ನು 2001ರ ನವೆಂಬರ್‌ನಲ್ಲಿ ಅವರೇ ತಿದ್ದಿ ಬರೆದರು, ಡಿಸೆಂಬರ್‌ನಲ್ಲಿ ದಿವಾಳಿಯಾದರು. ಅಂಕಿಯೇ ಸುಳ್ಳಾದರೆ ಯಾವ ಸರಾಸರಿ ಏನು ಮಾಡೀತು.

ಬೆಳೆಯುವ ಕಂಪನಿಯ ತೊಡಕು ಬೇರೆ ಥರ. ಡಲ್ಲಾಸ್‌ನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ನಮ್ಮವರಿಗೆ ಹತ್ತಿರದ ಹೆಸರು. 1985ರಲ್ಲಿ ಬೆಂಗಳೂರಿಗೆ ಬಂದು, ಉಪಗ್ರಹದ ಡಿಶ್ ಆಂಟೆನಾವನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಕಂಪನಿ ಅದು. ಅದರ ಲಾಭ 2013ರಲ್ಲಿ ಷೇರಿಗೆ 1.91 ಇದ್ದದ್ದು 2022ಕ್ಕೆ 9.41. ಷೇರು 165ರ ಸುತ್ತಮುತ್ತ, ಒಂದು ವರ್ಷದ ಪಿಇ ಹದಿನೇಳೂವರೆ. ಹತ್ತು ವರ್ಷದ ಸರಾಸರಿ, ಹಣದುಬ್ಬರ ಸೇರಿಸದೆ, ಐದು ಡಾಲರಿಗೂ ಕಡಿಮೆ. ಪಿಇ 34ರ ಹತ್ತಿರ. ಈ ಅಳತೆಗೋಲು ಹಿಡಿದು ಕೂತವರಿಗೆ ಆ ಹತ್ತು ವರ್ಷದಲ್ಲಿ ಅದು ಅಗ್ಗ ಎಂದು ಕಾಣುವುದೇ ಕಷ್ಟ, ಷೇರು ಮಾತ್ರ ಏರುತ್ತಲೇ ಹೋಯಿತು. ಕಂಪನಿ ತನ್ನದೇ ಷೇರನ್ನು ವಾಪಸು ಕೊಂಡು ಸಂಖ್ಯೆ ಇಳಿಸಿದ್ದೂ ಇದಕ್ಕೆ ಒಂದು ಕಾರಣ. ಅಂಥ ಕಡೆ ಒಟ್ಟು ಲಾಭದ ಸರಾಸರಿ ತೆಗೆದು ಇಂದಿನ ಷೇರು ಸಂಖ್ಯೆಯಿಂದ ಭಾಗಿಸುವುದು ಮೇಲು. ಹಾಗೆಂದು 9.41ನ್ನು ನೆಚ್ಚಿಕೊಂಡವರೂ ಗೆದ್ದರೆನ್ನುವಂತಿಲ್ಲ. 2024ಕ್ಕೆ ಲಾಭ 5.20ಕ್ಕೆ ಇಳಿಯಿತು.

ಇಡೀ ಮಾರುಕಟ್ಟೆಯ ಕೇಪ್ ನೋಡಿಕೊಂಡು ನಿವೃತ್ತಿ ಉಳಿತಾಯದ ಫೋರ್-ಓ-ಒನ್-ಕೆ ಖಾತೆಯನ್ನು ಒಳಗೆ ಹೊರಗೆ ಮಾಡುವವರೂ ನಮ್ಮಲ್ಲಿದ್ದಾರೆ. ಆ ಸಂಖ್ಯೆಯ ದೀರ್ಘಕಾಲದ ಸರಾಸರಿ 17ರ ಹತ್ತಿರ, 1999ರ ಕೊನೆಗೆ ಅದು 44 ಮುಟ್ಟಿತ್ತು. ನಿಜ. ಆದರೆ ತೊಂಬತ್ತರ ದಶಕದ ಮೊದಲ ವರ್ಷಗಳಿಂದ ಈಚೆಗೆ, 2008-09ರ ಕೆಲವು ತಿಂಗಳು ಬಿಟ್ಟರೆ, ಅದು ಆ 17ಕ್ಕಿಂತ ಮೇಲೇ ಇದೆ. ಕಾಯುತ್ತಾ ಕೂತವರ ತಲೆ ನೆರೆಯಿತು. ನನ್ನ ಫೋರ್-ಓ-ಒನ್-ಕೆ ದುಡ್ಡು ತಿಂಗಳು ತಿಂಗಳು ಸೂಚ್ಯಂಕ ನಿಧಿಗೆ ಹೋಗುತ್ತದೆ, ಅದಕ್ಕೆ ಈ ಲೆಕ್ಕ ತೋರಿಸುವುದೇ ಇಲ್ಲ. ಬಿಡಿ ಷೇರು ಕೊಳ್ಳುವಾಗ, ಅದೂ ಎಣ್ಣೆ, ಉಕ್ಕು, ವಿಮಾನ, ಚಿಪ್ ಇಂಥ ಏರಿಳಿತದ ವ್ಯವಹಾರದಲ್ಲಿ, ಒಂದು ತಡೆಯ ಹಾಗೆ ಇಟ್ಟುಕೊಂಡಿದ್ದೇನೆ.

ಆ ಸ್ನೇಹಿತ ಎಕ್ಸಾನ್ ಕೊಂಡ. 2024ರ ಕೊನೆಗೆ ಷೇರು 107ರ ಮೇಲಿತ್ತು, ಡಿವಿಡೆಂಡ್ ತಪ್ಪದೆ ಬಂದಿತ್ತು. ಅವನಿಗೆ ನಷ್ಟವೇನೂ ಆಗಿರಲಿಲ್ಲ. ಅಷ್ಟರಲ್ಲಿ ಕಂಪನಿಯ ಲಾಭ 7.84ಕ್ಕೆ ಇಳಿದು, ಬೆಲೆ ಹೆಚ್ಚೂಕಡಿಮೆ ಇದ್ದಲ್ಲೇ ಇದ್ದರೂ ಎಂಟರ ಪಿಇ ಹದಿನಾಲ್ಕರ ಹತ್ತಿರ ಬಂದಿತ್ತು. ಹತ್ತು ವರ್ಷದ ಪಿಇ ಮಾತ್ರ ಹೋದ ಸಲ ಬಿಟ್ಟಲ್ಲೇ, ಇಪ್ಪತ್ತರ ಆಸುಪಾಸಿನಲ್ಲೇ ಇತ್ತು.

ನನ್ನ ಹಾಳೆಯಲ್ಲಿ 2020ರ ಮೈನಸ್ ಇನ್ನೂ ಕೆಲವು ವರ್ಷ ಕೂತಿರುತ್ತದೆ. 2030ರ ಫಲಿತಾಂಶ ಬಂದ ದಿನ ಆ ಸಾಲು ಹತ್ತರಿಂದ ಹೊರಬೀಳುತ್ತದೆ, ಕಂಪನಿ ಏನೂ ಮಾಡದೆ ಸರಾಸರಿ ಎದ್ದು ನಿಲ್ಲುತ್ತದೆ, ಪಿಇ ಇಳಿದು ಷೇರು ದಿಢೀರನೆ ಅಗ್ಗವಾದ ಹಾಗೆ ಕಾಣುತ್ತದೆ. 2008ರ ಬ್ಯಾಂಕುಗಳ ನಷ್ಟ ಹಿಡಿದುಕೊಂಡು ಅರ್ಥಶಾಸ್ತ್ರಜ್ಞ ಜೆರೆಮಿ ಸೀಗಲ್ ಶಿಲ್ಲರ್ ಅವರ ಲೆಕ್ಕದ ಮೇಲೆ ಎತ್ತಿದ ತಕರಾರಿಗೂ ಇದಕ್ಕೂ ನಂಟಿದೆ: ಒಂದು ಕೆಟ್ಟ ವರ್ಷ ಇಡೀ ಹತ್ತನ್ನು ಜಗ್ಗುತ್ತದೆ ಎಂದು. ಅದಕ್ಕೇ ಹತ್ತರ ಪಕ್ಕದಲ್ಲಿ ಹದಿನೈದು ವರ್ಷದ ಕಾಲಮ್ಮೊಂದನ್ನು ಈಗಲೇ ಎಳೆದಿಟ್ಟಿದ್ದೇನೆ.