ಸಂಘದ ಬ್ಯಾಂಕು ಲೆಕ್ಕ: ಕಂಪ್ಯೂಟರಿನಲ್ಲಿ ಇಡುವ ಬಗೆ, ತಾಳೆ ನೋಡುವ ಬಗೆ



ಈಗ ಅನೇಕ ಕಡೆ ರೈತರು ಒಟ್ಟುಗೂಡಿ ಉತ್ಪಾದಕರ ಕಂಪನಿಗಳನ್ನು ಕಟ್ಟಿಕೊಂಡಿದ್ದಾರೆ. ಬೀಜ ಗೊಬ್ಬರಗಳನ್ನು ಸಗಟಾಗಿ ತಂದು ಸದಸ್ಯರಿಗೆ ಮಾರುವುದು, ಸದಸ್ಯರು ಬೆಳೆದ ತೊಗರಿ, ಮೆಕ್ಕೆಜೋಳಗಳನ್ನು ಕೊಂಡು ಒಟ್ಟಾಗಿ ವ್ಯಾಪಾರ ಮಾಡುವುದು ಇವುಗಳ ಕೆಲಸ. ಹಣದ ವ್ಯವಹಾರ ಬಹುಪಾಲು ಬ್ಯಾಂಕಿನ ಮೂಲಕ ನಡೆಯುತ್ತದೆ. ಲೆಕ್ಕವನ್ನು ಕಂಪ್ಯೂಟರಿನಲ್ಲಿ ಬರೆಯುತ್ತಾರೆ. ಬರೆಯುವವನು ಒಬ್ಬನೇ ಹುಡುಗ. ಷೇರು ಹಣ ಹಾಕಿದವರು ನೂರಾರು ಮಂದಿ. “ಅದು ಕಂಪ್ಯೂಟರಿನ ವಿದ್ಯೆ, ನಮಗೇನು ತಿಳಿದೀತು?” ಎಂದು ಸದಸ್ಯರು ಸುಮ್ಮನಾಗುತ್ತಾರೆ. ಒಮ್ಮೊಮ್ಮೆ ನಿರ್ದೇಶಕರೂ ಹಾಗೆಯೇ ಹೇಳುತ್ತಾರೆ. ಇದು ಸರಿಯಲ್ಲ. ಹಣ ನಮ್ಮದಾದ ಮೇಲೆ ಲೆಕ್ಕ ಕೇಳುವ ಹೊಣೆಯೂ ನಮ್ಮದೇ.

ಯಂತ್ರ ಹೊಸದು, ಲೆಕ್ಕ ಹಳೆಯದು

ಕಂಪ್ಯೂಟರಿನೊಳಗೆ ಇರುವುದು ನಮ್ಮ ಹಳೆಯ ಖಾತೆ ಪುಸ್ತಕವೇ. ಪ್ರತಿಯೊಂದು ವ್ಯವಹಾರವನ್ನೂ ಎರಡು ಕಡೆ ಬರೆಯುವ ಪದ್ಧತಿಯನ್ನು ಇಟಲಿಯ ಲೂಕಾ ಪಾಚಿಯೋಲಿ ಎಂಬಾತನು 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ವಿವರಿಸಿದನು. ಇಂದಿನ ತಂತ್ರಾಂಶಗಳೂ ಅದೇ ದಾರಿಯಲ್ಲಿ ನಡೆಯುತ್ತವೆ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಟ್ಯಾಲಿಯನ್ನು ಮಾಡುವ ಸಂಸ್ಥೆ 1986ರಲ್ಲಿ ಪ್ರಾರಂಭವಾದ, ಬೆಂಗಳೂರಿನದೇ ಸಂಸ್ಥೆ. ಹಣ ಕೊಡದೆ ದೊರೆಯುವ ಗ್ನೂಕ್ಯಾಶ್ ಮೊದಲಾದವೂ ಉಂಟು. ಯಾವುದನ್ನು ಬಳಸಿದರೂ ಕೆಳಗೆ ಹೇಳುವ ಮಾತು ಒಂದೇ.

ಖಾತೆ ತೆರೆಯುವುದು

ಮೊದಲನೆಯದಾಗಿ, ಸಂಘದ ಹಣ ಬೇರೆ, ಮನೆಯ ಹಣ ಬೇರೆ. ಅಧ್ಯಕ್ಷರ ಸ್ವಂತ ಖಾತೆಗೆ ಸಂಘದ ಹಣ ಒಂದು ದಿನದ ಮಟ್ಟಿಗೂ ಬರಕೂಡದು.

ಸಂಘಕ್ಕೆ ಎಷ್ಟು ಬ್ಯಾಂಕು ಖಾತೆಗಳಿವೆಯೋ ತಂತ್ರಾಂಶದಲ್ಲಿಯೂ ಅಷ್ಟೇ ಖಾತೆಗಳಿರಬೇಕು. ಟ್ಯಾಲಿಯಲ್ಲಿ ಇವನ್ನು ‘ಬ್ಯಾಂಕ್ ಅಕೌಂಟ್ಸ್’ ಎಂಬ ಗುಂಪಿನ ಕೆಳಗೆ ತೆರೆಯುತ್ತಾರೆ. ಓವರ್‌ಡ್ರಾಫ್ಟ್ ಖಾತೆ ಸಾಲದ ಖಾತೆಯಾದುದರಿಂದ ಅದಕ್ಕೆ ‘ಬ್ಯಾಂಕ್ ಓಡಿ’ ಎಂಬ ಬೇರೆ ಗುಂಪುಂಟು. ಎರಡನ್ನೂ ಬೆರೆಸಿದರೆ ಸಾಲದ ಹಣವೂ ಸ್ವಂತ ಹಣದಂತೆ ಕಾಣುತ್ತದೆ.

ಮೂರು ಬಗೆಯ ವೋಚರು

1. ಹೊರಗಿನವರಿಂದ ಹಣ ಬಂದರೆ ರಸೀದಿ ವೋಚರು. ಟ್ಯಾಲಿಯಲ್ಲಿ ಇದು ಎಫ್ 6 ಕೀಲಿ.
2. ಹೊರಗಿನವರಿಗೆ ಹಣ ಕೊಟ್ಟರೆ ಪಾವತಿ ವೋಚರು. ಇದು ಎಫ್ 5.
3. ಸಂಘದ ನಗದು ಪೆಟ್ಟಿಗೆಯಿಂದ ಬ್ಯಾಂಕಿಗೆ ಕಟ್ಟಿದರೆ, ಬ್ಯಾಂಕಿನಿಂದ ನಗದು ತಂದರೆ, ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಕಳುಹಿಸಿದರೆ ಕಾಂಟ್ರಾ ವೋಚರು. ಇದು ಎಫ್ 4.

ಮೂರನೆಯದರಲ್ಲಿ ಎಚ್ಚರ ಬೇಕು. ಬೀಜ ಮಾರಿ ಬಂದ 5,000 ರೂಪಾಯಿ ನಗದನ್ನು ಆಗಲೇ ಮಾರಾಟವೆಂದು ಬರೆದಿರುತ್ತೇವೆ. ಮರುದಿನ ಅದನ್ನು ಬ್ಯಾಂಕಿಗೆ ಕಟ್ಟಿ, ಮತ್ತೆ ಮಾರಾಟದ ರಸೀದಿಯೆಂದೇ ಬರೆದರೆ, 5,000ದ ಮಾರಾಟ 10,000 ಆಗಿ ಕಾಣುತ್ತದೆ. ಈ ಜೇಬಿನಿಂದ ಆ ಜೇಬಿಗೆ ಹಾಕಿದ ಮಾತ್ರಕ್ಕೆ ಹಣ ಹೆಚ್ಚುವುದುಂಟೆ?

ಇನ್ನೊಂದು ತೊಡಕು: ನಮ್ಮ ಪುಸ್ತಕದಲ್ಲಿ ಬ್ಯಾಂಕು ಖಾತೆಗೆ ಹಣ ಬಂದರೆ ‘ಡೆಬಿಟ್’ ಎಂದಿರುತ್ತದೆ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಅದೇ ಹಣ ‘ಕ್ರೆಡಿಟ್’ ಎಂದಿರುತ್ತದೆ. ಇದು ತಪ್ಪಲ್ಲ. ನಮ್ಮ ದೃಷ್ಟಿಯಲ್ಲಿ ಅದು ನಮಗೆ ಬರತಕ್ಕ ಹಣ. ಬ್ಯಾಂಕಿನ ದೃಷ್ಟಿಯಲ್ಲಿ ಅದು ನಮಗೆ ಕೊಡತಕ್ಕ ಹಣ. ಆದಕಾರಣ ಎರಡೂ ಎದುರುಬದುರಾಗಿರುತ್ತವೆ.

ತಾಳೆ ನೋಡುವುದು

ತಂತ್ರಾಂಶದಲ್ಲಿ ಬರೆದದ್ದು ನಮ್ಮ ಮಾತು. ಪಾಸ್‌ಬುಕ್ಕು ಬ್ಯಾಂಕಿನ ಮಾತು. ತಿಂಗಳಿಗೊಮ್ಮೆಯಾದರೂ ಎರಡನ್ನೂ ಎದುರಿಗಿಟ್ಟು ತಾಳೆ ನೋಡಬೇಕು. ಒಂದು ಉದಾಹರಣೆಯಿಂದ ಇದನ್ನು ತಿಳಿಯೋಣ.

ಜೂನ್ 30ರಂದು ಒಂದು ಸಂಘದ ತಂತ್ರಾಂಶದಲ್ಲಿ ಬ್ಯಾಂಕು ಶಿಲ್ಕು 1,84,600 ರೂ. ಎಂದಿದೆ, ಪಾಸ್‌ಬುಕ್ಕಿನಲ್ಲಿ 2,31,482 ರೂ. ಇದೆ ಎಂದಿಟ್ಟುಕೊಳ್ಳೋಣ. ಅಂತರ 46,882 ರೂ. ಒಂದೊಂದೇ ಸಾಲನ್ನು ಹೋಲಿಸಿದಾಗ ನಾಲ್ಕು ಕಾರಣಗಳು ಸಿಕ್ಕವು:

1. ಗೊಬ್ಬರದ ವ್ಯಾಪಾರಿಗೆ ಕೊಟ್ಟ 62,000 ರೂ. ಚೆಕ್ಕನ್ನು ಅವರು ಇನ್ನೂ ಬ್ಯಾಂಕಿಗೆ ಹಾಕಿಲ್ಲ.
2. ಮಂಡಿಯವರಿಂದ ಬಂದ 18,000 ರೂ. ಚೆಕ್ಕನ್ನು ನಾವು ಹಾಕಿದ್ದೇವೆ. ಹಣ ಇನ್ನೂ ಜಮೆಯಾಗಿಲ್ಲ.
3. ಬ್ಯಾಂಕು ತನ್ನ ಶುಲ್ಕವೆಂದು 118 ರೂ. ಕಳೆದುಕೊಂಡಿದೆ, ನಾವು ಬರೆದಿಲ್ಲ.
4. ಸದಸ್ಯರೊಬ್ಬರು ಬೀಜದ ಬಾಕಿ 3,000 ರೂ.ಗಳನ್ನು ಫೋನಿನಿಂದ ಯುಪಿಐ ಮೂಲಕ ಕಳುಹಿಸಿದ್ದಾರೆ, ಅದನ್ನೂ ಬರೆದಿಲ್ಲ.

ಮೂರು ಮತ್ತು ನಾಲ್ಕನೆಯವು ನಮ್ಮ ಪುಸ್ತಕದಲ್ಲಿ ಬಿಟ್ಟುಹೋದವು. ಅವನ್ನು ಈಗಲೇ ಬರೆಯಬೇಕು. ಆಗ ನಮ್ಮ ಶಿಲ್ಕು 1,84,600ರಿಂದ 118 ಕಳೆದು 3,000 ಕೂಡಿಸಿ 1,87,482 ಆಗುತ್ತದೆ. ಒಂದು ಮತ್ತು ಎರಡನೆಯವು ಕೇವಲ ದಿನಗಳ ಅಂತರ. ಪಾಸ್‌ಬುಕ್ಕಿನ 2,31,482ರಿಂದ 62,000 ಕಳೆದು 18,000 ಕೂಡಿಸಿದರೆ ಅಲ್ಲಿಯೂ 1,87,482. ಲೆಕ್ಕ ತಾಳೆಯಾಯಿತು.

ಟ್ಯಾಲಿಯಲ್ಲಿ ಇದಕ್ಕೆಂದೇ ‘ಬ್ಯಾಂಕ್ ರಿಕನ್ಸಿಲಿಯೇಷನ್’ ಎಂಬ ಪುಟವಿದೆ. ಪ್ರತಿ ವೋಚರಿನ ಎದುರಿಗೆ, ಹಣ ಬ್ಯಾಂಕಿನಲ್ಲಿ ನಿಜವಾಗಿ ಹೋದ ಅಥವಾ ಬಂದ ದಿನಾಂಕವನ್ನು ತುಂಬಿದರೆ, ಉಳಿದ ಕೂಡುವ ಕಳೆಯುವ ಕೆಲಸವನ್ನು ಯಂತ್ರವೇ ಮಾಡುತ್ತದೆ. ಆದರೆ ದಿನಾಂಕವನ್ನು ಪಾಸ್‌ಬುಕ್ಕು ನೋಡಿಯೇ ತುಂಬಬೇಕು. ಅಂದಾಜಿನಿಂದ ತುಂಬಿದರೆ ಆ ಪುಟವೇ ಸುಳ್ಳಾಗುತ್ತದೆ.

ತಾಳೆ ನೋಡದಿದ್ದರೆ ಏನಾದೀತು?

ಇದೇ ಸಂಘದ ನಿರ್ದೇಶಕರು ಪಾಸ್‌ಬುಕ್ಕಿನ 2,31,482ನ್ನು ಮಾತ್ರ ನೋಡಿ, ಮೆಕ್ಕೆಜೋಳ ಕೊಳ್ಳಲು 2,00,000 ರೂ. ಕೊಟ್ಟರೆಂದುಕೊಳ್ಳಿ. ಉಳಿಯುವುದು 31,482. ಮಂಡಿಯ 18,000 ಬಂದರೂ 49,482. ಮರುವಾರ ಗೊಬ್ಬರದವರು 62,000ದ ಚೆಕ್ಕು ಹಾಕಿದರೆ ಅದು ವಾಪಸಾಗುತ್ತದೆ. ಚೆಕ್ಕು ವಾಪಸಾಗಿ, ನೋಟೀಸು ಬಂದ ಮೇಲೂ ಹಣ ಕೊಡದಿದ್ದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೆಯ ವಿಧಿಯಂತೆ ಎರಡು ವರ್ಷಗಳವರೆಗೆ ಸೆರೆವಾಸ, ಇಲ್ಲವೆ ಚೆಕ್ಕಿನ ಎರಡರಷ್ಟರವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು. ಅದಕ್ಕಿಂತ ಮೊದಲೇ ಗೊಬ್ಬರದವರು ಸಾಲ ಕೊಡುವುದನ್ನು ನಿಲ್ಲಿಸುತ್ತಾರೆ. ಬಿತ್ತನೆಯ ಹೊತ್ತಿಗೆ ಸದಸ್ಯರ ಕೈ ಬರಿದಾಗುತ್ತದೆ.

ಇತ್ತ 3,000 ಕಳುಹಿಸಿದ ರೈತನ ಹೆಸರಿನಲ್ಲಿ ಬಾಕಿ ಹಾಗೆಯೇ ನಿಂತಿರುತ್ತದೆ. ಅವನದು ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬ ಸ್ಥಿತಿ. ಕೊಟ್ಟ ಹಣವನ್ನೇ ಮತ್ತೆ ಕೇಳಿದರೆ ಅವನು ಸಂಘದ ಕಡೆ ತಿರುಗಿ ನೋಡುವನೇ?

ನೆನಪಿಡತಕ್ಕ ಅಂಶಗಳು

1. ಚೆಕ್ಕಿನ ಮೇಲಿನ ದಿನಾಂಕದಿಂದ ಮೂರು ತಿಂಗಳು ಕಳೆದರೆ ಬ್ಯಾಂಕು ಹಣ ಕೊಡುವುದಿಲ್ಲ. 2012ರ ಏಪ್ರಿಲ್ 1ರಿಂದ ಈ ನಿಯಮವಿದೆ. ಅಂಥ ಚೆಕ್ಕು ತಾಳೆಪಟ್ಟಿಯಲ್ಲಿ ಉಳಿದಿದ್ದರೆ ಪಡೆದವರನ್ನು ವಿಚಾರಿಸಿ, ಪುಸ್ತಕದಲ್ಲಿ ಸರಿಪಡಿಸಬೇಕು.
2. ಲೆಕ್ಕ ಬರೆಯುವವನ ಕೈಯಲ್ಲೇ ಚೆಕ್ಕುಪುಸ್ತಕ, ಸಹಿ ಮತ್ತು ಬ್ಯಾಂಕಿನ ಓಟಿಪಿ ಬರುವ ಫೋನು ಇರಕೂಡದು. ಇದು ಅವನ ಮೇಲಿನ ಅಪನಂಬಿಕೆಯಲ್ಲ. ಅವನ ಮೇಲೆ ಸುಳ್ಳು ಅಪವಾದ ಬಾರದಂತೆಯೂ ಇದು ಕಾಯುತ್ತದೆ.
3. ಉತ್ಪಾದಕರ ಕಂಪನಿಯೂ ಕಾನೂನಿನ ದೃಷ್ಟಿಯಲ್ಲಿ ಕಂಪನಿಯೇ. ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯೂ ದಿನಾಂಕಸಹಿತ ದಾಖಲಾಗಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆ ದಾಖಲೆಯನ್ನು ನಿಲ್ಲಿಸಿಡುವಂತಿಲ್ಲ.
4. ನಮಗೆ ಗೊತ್ತಿಲ್ಲದೆ ಹಣ ಹೋಗಿರುವುದು ತಾಳೆ ನೋಡುವಾಗ ಕಂಡರೆ, ಆ ಕ್ಷಣವೇ ಬ್ಯಾಂಕಿಗೆ ತಿಳಿಸಿ, 1930 ಸಂಖ್ಯೆಗೆ ಫೋನು ಮಾಡಬೇಕು.
5. ಲೆಕ್ಕದ ಒಂದು ಪ್ರತಿಯನ್ನು ಪ್ರತಿವಾರ ಬೇರೆ ಕಡೆ ತೆಗೆದಿಡಬೇಕು. ಕಂಪ್ಯೂಟರು ಕೆಟ್ಟರೆ ಲೆಕ್ಕ ಕೆಡಬಾರದು.

ಮುಂದಿನ ಸಭೆಯಲ್ಲಿ ತಾವು ಕೇಳಬೇಕಾದುದು ಎರಡೇ ಮಾತು: “ಕಳೆದ ತಿಂಗಳ ತಾಳೆಪಟ್ಟಿ ಎಲ್ಲಿ? ಅದರಲ್ಲಿ ಉಳಿದ ಚೆಕ್ಕುಗಳು ಯಾವುವು?” ಇದಕ್ಕೆ ಕಂಪ್ಯೂಟರು ಕಲಿಯಬೇಕಾಗಿಲ್ಲ. ಪಟ್ಟಿ ಮೇಜಿನ ಮೇಲೆ ಬಂದರೆ ಅದನ್ನು ಓದಿಸಿ ಕೇಳಿರಿ, ಸಂಶಯವಿದ್ದರೆ ಪಾಸ್‌ಬುಕ್ಕು ತರಿಸಿರಿ. ಬರದಿದ್ದರೆ ದಿನಾಂಕ ಗೊತ್ತುಮಾಡಿ ಮತ್ತೆ ಕೇಳಿರಿ. ಹೊಲದ ಬದುವನ್ನು ವರ್ಷವರ್ಷವೂ ನೋಡಿಕೊಳ್ಳುವವರಿಗೆ ತಿಂಗಳಿಗೊಮ್ಮೆ ಈ ಬದುವನ್ನು ನೋಡಿಕೊಳ್ಳುವುದು ಕಷ್ಟವಲ್ಲ.